ಗಂಟು ನನ್ನದು, ಸಹಿ ಯಾರದು?

ನಮ್ಮ ಸಂಘದ ವಾರದ ಸಭೆಯಲ್ಲಿ ಮಾತಿಗೆ ಬರದ ವಿಷಯವಿಲ್ಲ. ಗಂಡನ ಕುಡಿತ, ಹೊಡೆತ, ವರದಕ್ಷಿಣೆ ಬಾಕಿಗಾಗಿ ತವರಿಗೆ ಅಟ್ಟಿದ ಮಗಳು, ಪಡಿತರ ಅಂಗಡಿಯ ತೂಕ, ಕಟ್ಟದೆ ಉಳಿದ ಕಂತು, ಎಲ್ಲವೂ ಬರುತ್ತದೆ. ಮೊಲೆಯ ಮಾತು ಮಾತ್ರ ಬರುವುದಿಲ್ಲ. ‘ಎದೆ’ ಎನ್ನುತ್ತೇವೆ, ‘ಅಲ್ಲಿ’ ಎನ್ನುತ್ತೇವೆ, ಹೇಳಿ ಸೆರಗು ಸರಿಮಾಡಿಕೊಳ್ಳುತ್ತೇವೆ. ಮಗುವಿಗೆ ಹಾಲು ಕೊಡುವಾಗ ಆ ಪದಕ್ಕೆ ಯಾವ ನಾಚಿಕೆಯೂ ಇರುವುದಿಲ್ಲ. ಕಾಯಿಲೆ ಬಂದ ಕೂಡಲೇ ಎಲ್ಲಿಂದಲೋ ಬಂದು ಅಂಟಿಕೊಳ್ಳುತ್ತದೆ. ಈ ಲೇಖನದಲ್ಲಿ ನಾನು ಮೊಲೆ ಎಂದೇ ಬರೆಯುತ್ತೇನೆ. ಸಭೆಯಲ್ಲಿ ಓದಿ ಹೇಳುವ ಅಕ್ಕಂದಿರು ಅದನ್ನು ಹಾಗೆಯೇ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಮಾಗಡಿ ತಾಲ್ಲೂಕಿನವಳು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡ ಎರಡೂ ಕಾಣುತ್ತವೆ. ಶನಿವಾರ ಭಾನುವಾರ ಬೆಂಗಳೂರಿನಿಂದ ಹುಡುಗ ಹುಡುಗಿಯರು ಬಂದು ಆ ಬಂಡೆ ಹತ್ತಿ ತಮ್ಮ ಧೈರ್ಯ ನೋಡಿಕೊಂಡು ಹೋಗುತ್ತಾರೆ. ಬಂಡೆಯ ಬುಡದಲ್ಲೇ ಬದುಕುವ ನಮ್ಮ ಹೆಂಗಸರಿಗೆ ಮಾಗಡಿ ಆಸ್ಪತ್ರೆಗೆ ಹೋಗಿ ‘ಇಲ್ಲೊಂದು ಗಂಟಿದೆ, ನೋಡಿ’ ಎನ್ನಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಎರಡು ವರ್ಷದ ಹಿಂದೆ ಮೈತೊಳೆಯುವಾಗ ನನ್ನ ಎಡ ಮೊಲೆಯಲ್ಲಿ ನೆನೆಸಿದ ಅವರೆಕಾಳಿನಷ್ಟು ದಪ್ಪದ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದಿರುವುದೇ ಅದರ ಮೋಸ. ಮೊಲೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಹೌದು ಯಾವುದು ಅಲ್ಲ ಎಂದು ಕೈಮುಟ್ಟಿ ಹೇಳಲು ನಮ್ಮಿಂದ ಆಗುವುದಿಲ್ಲ. ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿ ಬಿದ್ದರೆ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡರೆ, ಅದರಿಂದ ರಕ್ತ ಬೆರೆತ ನೀರು ಸೋರಿದರೆ, ಕಂಕುಳಲ್ಲಿ ಗಂಟು ಸಿಕ್ಕಿದರೆ ಅವನ್ನೂ ತೋರಿಸಬೇಕು. ಸೂಜಿ ಹಾಕಿ ತುಣುಕು ತೆಗೆದು ನೋಡುತ್ತಾರೆ. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಜೋರಾಗಿದೆ, ಅದು ಸುಳ್ಳು.

ನನ್ನದು ಕ್ಯಾನ್ಸರ್ ಎಂದು ತಿಳಿಯಿತು. ಯಾರಿಗೆ ತಿಳಿಯಿತು ಎಂಬಲ್ಲಿಂದ ನನ್ನ ತಕರಾರು ಶುರುವಾಗುತ್ತದೆ.

ನಾನು ಮೊದಲು ತೋರಿಸಿದ ಆಸ್ಪತ್ರೆಯ ಹೆಸರು ಬೇಡ. ರಿಪೋರ್ಟು ಬಂದ ದಿನ ಡಾಕ್ಟರು ಬಾಗಿಲಲ್ಲಿ ನಿಂತು ‘ಯಜಮಾನರು ಒಳಗೆ ಬನ್ನಿ, ಅವರು ಹೊರಗೇ ಕೂತಿರಲಿ’ ಎಂದರು. ಒಳಗೆ ಹತ್ತು ನಿಮಿಷ ಮಾತಾಯಿತು. ಹೊರಗೆ ಬಂದವರು ‘ಏನಿಲ್ವಂತೆ, ಒಂದು ಸಣ್ಣ ಆಪರೇಷನ್ ಅಂತೆ’ ಎಂದರು. ಮುಂದಿನ ಹದಿಮೂರು ದಿನ ನಮ್ಮ ಮನೆಯಲ್ಲಿ ನನ್ನ ಕಾಯಿಲೆ ಗೊತ್ತಿಲ್ಲದವಳು ನಾನೊಬ್ಬಳೇ. ಭಾವ, ಮೈದುನ, ನನ್ನ ಸೋದರಮಾವ ಎಲ್ಲರೂ ಪಡಸಾಲೆಯಲ್ಲಿ ಕೂತು ಮಾತಾಡಿದರು. ನಾನು ಅವರಿಗೆ ಕಾಫಿ ಮಾಡಿಕೊಟ್ಟೆ. ಕೊನೆಗೆ ನನಗೆ ಸುದ್ದಿ ಮುಟ್ಟಿದ್ದು ಯಾರ ಬಾಯಿಂದಲೂ ಅಲ್ಲ. ಓರಗಿತ್ತಿ ನನ್ನ ತಟ್ಟೆ, ಲೋಟ ಬೇರೆ ಇಟ್ಟಳು. ನಲ್ಲಿ ಹತ್ತಿರ ಬೇರೆಯಾಗಿ ಬೋರಲು ಹಾಕಿದ್ದ ಲೋಟ ನೋಡಿ ನನಗೆ ಅರ್ಥವಾಯಿತು. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಚಾಪೆಯಲ್ಲಿ ಮಲಗಿದರೆ ಬರುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಆದರೂ ಲೋಟ ಬೇರೆಯಾಯಿತು.

ನಾನು ಅಳಲಿಲ್ಲ. ಅತ್ತದ್ದು ನನ್ನ ಗಂಡ. ‘ನಿಂಗೆ ಹೇಳುದ್ರೆ ಎದೆ ಒಡ್ಕೊಂಬುಡ್ತೀಯ ಅಂತ ಹೇಳ್ಲಿಲ್ಲ ಕಣೆ’ ಎಂದರು. ನನ್ನ ಗಂಡ ಕುಡಿಯುವವರಲ್ಲ, ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಕೈ ಎತ್ತಿದವರಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೊಡೆಯುವ ಗಂಡನ ಬಗ್ಗೆ ಈ ಪುಟಗಳಲ್ಲಿ ಬೇಕಾದಷ್ಟು ಬರೆದಿದ್ದೇವೆ. ಹೊಡೆಯದ, ಪ್ರೀತಿಸುವ ಗಂಡನೂ ಹೆಂಡತಿಯ ದೇಹದ ಬಗ್ಗೆ ಹೆಂಡತಿಗೆ ಹೇಳದೆ ತೀರ್ಮಾನ ಮಾಡಬಲ್ಲ ಎಂಬುದನ್ನು ಬರೆದದ್ದು ಕಡಿಮೆ. ಬೈಗುಳಕ್ಕೆ ಎದುರು ಮಾತಾಡಲು ನಾವು ಕಲಿತೆವು. ‘ನಿನ್ನ ಒಳ್ಳೆಯದಕ್ಕೇ’ ಎಂಬ ಮಾತಿಗೆ ಎದುರಾಡುವುದು ಇನ್ನೂ ಬಂದಿಲ್ಲ.

ಆ ಹದಿಮೂರು ದಿನದಲ್ಲಿ ಪಡಸಾಲೆಯಲ್ಲಿ ಮೂರು ಅಭಿಪ್ರಾಯ ಹುಟ್ಟಿದ್ದವು. ಒಂದು, ನಾಟಿ ಔಷಧಿಯವರ ಹತ್ತಿರ ಕರೆದುಕೊಂಡು ಹೋಗುವುದು. ಕತ್ತಿ ತಾಕಿದರೆ ಉಲ್ಬಣಿಸುತ್ತದೆಂಬ ಭಯ ಅದರ ಹಿಂದೆ. ಇನ್ನೊಂದು, ಮಗಳ ಮದುವೆ ಮುಗಿಯುವ ತನಕ ಬಾಯಿ ಬಿಡಬಾರದು, ಆಮೇಲೆ ನೋಡೋಣ ಎಂಬುದು. ಮೂರನೆಯದು, ಪೂರ್ತಿ ತೆಗೆಸಿಬಿಡೋಣ, ಈ ವಯಸ್ಸಿನಲ್ಲಿ ಅದು ಯಾರಿಗೆ ಬೇಕು ಎಂಬುದು. ಯಾರಿಗೆ ಬೇಕು? ನನಗೆ ಆಗ ನಲವತ್ತಾರು. ಪ್ರಶ್ನೆ ಕೇಳಿದವರಲ್ಲಿ ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಮೂರು ಮಕ್ಕಳಿಗೆ ಹಾಲೂಡಿದ ಮೊಲೆ ಮಕ್ಕಳದ್ದಾಗಿತ್ತು, ಗಂಡನದ್ದಾಗಿತ್ತು, ಈಗ ಯಾರದ್ದೂ ಅಲ್ಲ ಎಂಬಂತೆ ಲೆಕ್ಕ ಹಾಕಿದ್ದರು.

ಸುದ್ದಿ ತಿಳಿದ ಮಾರನೆಯ ದಿನ ನಾನು ಸಂಘದ ಪ್ರತಿನಿಧಿಯ ಮನೆಗೆ ಹೋದೆ. ಅವಳು ಏಳನೇ ಕ್ಲಾಸು ಓದಿದವಳು. ಮಗನ ಹಳೆಯ ನೋಟುಬುಕ್ಕೊಂದನ್ನು ತೆಗೆದುಕೊಂಡು ಬೆಂಗಳೂರಿಗೆ ನನ್ನ ಜೊತೆ ಬಂದಳು. ನಮ್ಮಿಬ್ಬರಿಗೂ ಬಸ್ ಛಾರ್ಜಿಲ್ಲ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಒಂದು ಅನುಕೂಲವಾಯಿತು. ಗಂಡನ ಜೇಬು ನೋಡದೆ ಬಸ್ ಹತ್ತುವುದೆಂದರೇನು ಎಂದು ಕಾಯಿಲೆ ಬಿದ್ದವಳಿಗೆ ಗೊತ್ತಾಗುತ್ತದೆ. ಚಿಕಿತ್ಸೆಗೆ ನಮ್ಮ ಬಿಪಿಎಲ್ ಕಾರ್ಡು ಇತ್ತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಖರ್ಚು ಕೊಡುತ್ತಾರೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು ಹೋಗಬೇಕು. ಕಾರ್ಡಿನಲ್ಲಿ ಯಾರ ಹೆಸರಿದೆ, ಆಧಾರ್ ಹೆಸರಿಗೂ ಅದಕ್ಕೂ ಒಂದಕ್ಷರ ತಪ್ಪಿದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ, ಕಾಯಿಲೆ ಬಂದಮೇಲೆ ಅದಕ್ಕಾಗಿ ಅಲೆಯುವುದು ಬೇಡ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಹೊಸೂರು ರಸ್ತೆಯ ಕಡೆ, ನಿಮ್ಹಾನ್ಸ್ ಪಕ್ಕದಲ್ಲಿ. ಅಲ್ಲಿಗೆ ರಾಜ್ಯದ ಮೂಲೆಮೂಲೆಯಿಂದ ಬರುತ್ತಾರೆ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಮೊಲೆಯ ಕ್ಯಾನ್ಸರ್ ಬಂದಿರಬೇಕೆಂದು ಅಂದಾಜು. ನಾಚಿ ಬಚ್ಚಿಡುವಷ್ಟು ಅಪರೂಪದ ಕಾಯಿಲೆಯಲ್ಲ ಇದು.

ಈಗ ತೀರ್ಮಾನದ ಮಾತು. ಇದನ್ನು ನಿಧಾನವಾಗಿ ಓದಿ.

ಗಂಟು ಚಿಕ್ಕದಿದ್ದು ಒಂದೇ ಕಡೆ ಇದ್ದರೆ ಎರಡು ದಾರಿಗಳಿವೆ. ಮೊಲೆಯನ್ನು ಪೂರ್ತಿ ತೆಗೆಯುವುದು ಒಂದು. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಉಳಿದ ಮೊಲೆಗೆ ವಿಕಿರಣ ಕೊಡುವುದು ಇನ್ನೊಂದು. ನಮ್ಮ ಕಡೆ ಅದಕ್ಕೆ ‘ಕರೆಂಟು ಕೊಡೋದು’ ಎನ್ನುತ್ತಾರೆ. ಎರಡನೆಯದು ಅರೆಬರೆ ಕೆಲಸ, ಪೂರ್ತಿ ತೆಗೆಸಿದರೇ ಗ್ಯಾರಂಟಿ ಎಂದು ನಮ್ಮ ಪಡಸಾಲೆ ನಂಬಿತ್ತು. ಡಾಕ್ಟರುಗಳೂ ಬಹಳ ಕಾಲ ಹಾಗೇ ನಂಬಿದ್ದರು. 1970ರ ದಶಕದಲ್ಲಿ ಇಟಲಿಯಲ್ಲಿ ವೆರೊನೇಸಿ ಎಂಬುವರೂ ಅಮೆರಿಕದಲ್ಲಿ ಫಿಶರ್ ಎಂಬುವರೂ ನೂರಾರು ಹೆಂಗಸರಲ್ಲಿ ಎರಡೂ ದಾರಿಗಳನ್ನು ಹೋಲಿಸಿ ನೋಡಲು ಹೊರಟರು. ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಹೊರಬಂತು. ಬದುಕಿ ಉಳಿದವರ ಪ್ರಮಾಣ ಎರಡರಲ್ಲೂ ಒಂದೇ. ಉಳಿಸಿಕೊಂಡವರು ವಿಕಿರಣ ತಪ್ಪಿಸಬಾರದು, ತಪ್ಪಿಸಿದರೆ ಅದೇ ಮೊಲೆಯಲ್ಲಿ ಮತ್ತೆ ಬರುವ ಸಂಭವ ಹೆಚ್ಚು. ಗಂಟು ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಕಡೆ ಹಬ್ಬಿದ್ದರೆ ಪೂರ್ತಿ ತೆಗೆಯುವುದೇ ಸರಿಯಾಗಬಹುದು. ಕೆಲವರಿಗೆ ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಾರೆ. ನನ್ನದು ಎರಡೂ ದಾರಿಗೆ ಒಗ್ಗುವಂಥದು ಎಂದು ಬೆಂಗಳೂರಿನ ಡಾಕ್ಟರಮ್ಮ ಹೇಳಿದರು. ಹೇಳಿದ್ದು ನನಗೆ, ನನ್ನ ಮುಖ ನೋಡಿ.

ನಾನು ಉಳಿಸಿಕೊಂಡೆ. ಮೊದಲು ಐದು ವಾರ ಕೊಡುತ್ತಿದ್ದ ವಿಕಿರಣವನ್ನು ಈಗ ಬಹಳ ಜನಕ್ಕೆ ಮೂರು ವಾರದಲ್ಲಿ, ಹದಿನೈದು ದಿನ ಕೊಟ್ಟು ಮುಗಿಸುತ್ತಾರೆ. ಹದಿನೈದು ದಿನ ಮನೆ ಬಿಟ್ಟು ಬೆಂಗಳೂರಿನಲ್ಲಿರಲು ನನಗೆ ಸಾಧ್ಯವಿತ್ತು, ಬೇಕೂ ಆಗಿತ್ತು. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದವಳು ರಾಮನಗರದ ಕಡೆಯ ನೂಲು ಬಿಚ್ಚಾಣಿಕೆ ಕೆಲಸದವಳು. ಅವಳಿಗೂ ಎರಡೂ ದಾರಿ ತೆರೆದಿತ್ತು. ಅವಳು ಪೂರ್ತಿ ತೆಗೆಸಿಕೊಂಡಳು. ‘ಮನೇಲಿ ಸಣ್ಣ ಮಕ್ಳವೆ ಕಣಕ್ಕ, ನಂಗೆ ಮತ್ತೆ ಮತ್ತೆ ಬರಕ್ಕಾಗಲ್ಲ’ ಎಂದಳು. ಪಟ್ಟಣದ ಕೆಲವು ಗೆಳತಿಯರು ಮೊಲೆ ಉಳಿಸಿಕೊಳ್ಳುವುದೇ ಸ್ವಾಭಿಮಾನ ಎಂಬಂತೆ ಮಾತಾಡುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಅವಳ ಲೆಕ್ಕ ಅವಳದೇ ಆಗಿತ್ತು, ತಾನೇ ಕೇಳಿ ತಿಳಿದು ಹಾಕಿದ ಲೆಕ್ಕ. ನನ್ನದೂ ಹಾಗೆಯೇ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಮೊಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಂಕುಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಕಂಕುಳಿನಲ್ಲಿ ದುಗ್ಧಗ್ರಂಥಿಗಳೆಂಬ ಕಾಳಿನಂಥ ಸಣ್ಣ ಗಂಟುಗಳಿರುತ್ತವೆ, ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೆ. ಅವನ್ನೆಲ್ಲ ತೆಗೆದರೆ ತೋಳಿನ ನೀರು ಇಳಿದು ಹೋಗುವ ದಾರಿ ಕೆಡುತ್ತದೆ. ಹೀಗೆ ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುತ್ತದೆ. ಈಗ ಇನ್ನೊಂದು ವಿಧಾನವಿದೆ. ಬಣ್ಣದ ಔಷಧಿ ಹಾಕಿ ಮೊದಲ ಒಂದೆರಡು ಗ್ರಂಥಿಗಳನ್ನು ಗುರುತಿಸಿ ಅವನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ. ಅದಕ್ಕೆ ಸೆಂಟಿನೆಲ್ ನೋಡ್ ಪರೀಕ್ಷೆ ಎಂದು ಹೆಸರು. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ, ಬಾವಿನ ಭಯ ಬಹಳ ಕಡಿಮೆಯಾಗುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ತೋಳು ಬಾತರೆ ಕಷ್ಟ. ಹಾಲು ಕರೆದು ಡೇರಿಗೆ ಹಾಕುವವಳಿಗೆ, ಹಿಪ್ಪುನೇರಳೆ ಸೊಪ್ಪು ಕುಯ್ದು ಹೊರೆ ಹೊರುವವಳಿಗೆ, ರಾಗಿ ಕುಯ್ಲಿಗೆ ಹೋಗುವವಳಿಗೆ ಜೀವನವೇ ನಿಂತಿತು. ನಾನು ನೋಟುಬುಕ್ಕಿನಲ್ಲಿ ಮೊದಲು ಬರೆಸಿದ ಪ್ರಶ್ನೆ ಇದೇ: ‘ನಾನು ಎರಡು ಹಸು ಕರೆಯುತ್ತೇನೆ, ಎಡಗೈ ಉಳಿಯುತ್ತದಾ?’ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಉತ್ತರ ಹೇಳಿದರು. ಆಪರೇಷನ್ ಆದ ಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತ ತೋಳು ಎತ್ತುವ ವ್ಯಾಯಾಮ ಹೇಳಿಕೊಟ್ಟರು. ಕೈ ಆಡಿಸಬಾರದೆಂದು ಊರಲ್ಲಿ ಹೇಳುತ್ತಾರೆ, ಆಡಿಸದಿದ್ದರೇ ತೋಳು ಹಿಡಿದುಕೊಳ್ಳುತ್ತದೆ.

ತುಣುಕಿನ ಪರೀಕ್ಷೆಯಲ್ಲಿ ಇನ್ನೂ ಕೆಲವು ವಿಷಯ ತಿಳಿಯುತ್ತದೆ. ಗಂಟು ಹಾರ್ಮೋನಿಗೆ ಸ್ಪಂದಿಸುವಂಥದಾದರೆ ಟ್ಯಾಮಾಕ್ಸಿಫೆನ್ ಥರದ ಮಾತ್ರೆ ದಿನಕ್ಕೊಂದರಂತೆ ಐದು ವರ್ಷ ಅಥವಾ ಹೆಚ್ಚು ನುಂಗಬೇಕು. ಅಗ್ಗದ ಮಾತ್ರೆ, ಆದರೆ ಗುಣವಾಯಿತಲ್ಲ ಎಂದು ಮಧ್ಯೆ ಬಿಡುವವರು ಬಹಳ. ಹರ್-2 ಎಂಬ ಇನ್ನೊಂದು ಜಾತಿಗೆ ದುಬಾರಿ ಇಂಜೆಕ್ಷನ್ ಇದೆ. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಇಲ್ಲೇ ಅದರ ರೂಪ ತಯಾರಿಸಿ ಮಾರಾಟಕ್ಕೆ ತಂದಿತು. ಹೀಗೆ ಯಾರ ಗಂಟು ಯಾವ ಜಾತಿಯದೋ ಅದರಂತೆ ಔಷಧಿ. ಆದ್ದರಿಂದ ‘ನಮ್ಮತ್ತೆ ಊರಿನವಳಿಗೆ ಹೀಗೆ ಮಾಡಿದ್ರು’ ಎಂಬ ಮಾತು ಕೇಳಿ ಹೆದರಬೇಡಿ. ರಿಪೋರ್ಟು ಬಂದ ದಿನವೇ ಹೂಂ ಎನ್ನಬೇಕಾದ ಅವಸರವೂ ಇಲ್ಲ. ಒಂದೆರಡು ವಾರ ಕೇಳಿ ಯೋಚಿಸಲು ಹೋದರೆ ನಷ್ಟವಿಲ್ಲ. ಮದುವೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮೂರು ತಿಂಗಳು ದಾಟಿಸಿದರೆ ನಷ್ಟವಿದೆ.

ಸಹಿಯ ಪ್ರಶ್ನೆಗೆ ಬರುತ್ತೇನೆ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಗಂಟಿರುವ ಹೆಂಗಸನ್ನು ಪರೀಕ್ಷೆಗೆಂದು ಮತ್ತು ಕೊಟ್ಟು ಮಲಗಿಸುತ್ತಿದ್ದರು. ಕ್ಯಾನ್ಸರ್ ಎಂದು ಕಂಡರೆ ಆ ಮತ್ತಿನಲ್ಲೇ ಮೊಲೆ ತೆಗೆದುಬಿಡುತ್ತಿದ್ದರು. ಎಚ್ಚರವಾದಾಗಲೇ ಅವಳಿಗೆ ಗೊತ್ತಾಗುವುದು. ರೋಸ್ ಕುಷ್ನರ್ ಎಂಬ ಪತ್ರಕರ್ತೆಗೆ 1974ರಲ್ಲಿ ಗಂಟು ಕಂಡಾಗ, ಮೊದಲು ಪರೀಕ್ಷೆ ಮಾಡಿ, ನನಗೆ ಹೇಳಿ, ಮುಂದಿನದನ್ನು ನಾನು ತೀರ್ಮಾನಿಸುತ್ತೇನೆ ಎಂದು ಪಟ್ಟು ಹಿಡಿದಳು. ಅದನ್ನೇ ಪುಸ್ತಕ ಬರೆದಳು, ಡಾಕ್ಟರುಗಳ ಸಭೆಗೆ ನುಗ್ಗಿ ಜಗಳವಾಡಿದಳು. 1979ರಲ್ಲಿ ಅಲ್ಲಿನ ಸರ್ಕಾರದ ತಜ್ಞರ ಸಮಿತಿ ಪರೀಕ್ಷೆ ಬೇರೆ, ಆಪರೇಷನ್ ಬೇರೆ ಆಗಬೇಕೆಂದು ಒಪ್ಪಿತು. ಆ ಸಮಿತಿಯಲ್ಲಿ ಅವಳೂ ಇದ್ದಳು.

ನಮ್ಮ ದೇಶದಲ್ಲಿ ಸಮೀರಾ ಕೊಹ್ಲಿ ಎಂಬುವರ ಮೊಕದ್ದಮೆ ಇದೆ. 1995ರಲ್ಲಿ ದೆಹಲಿಯಲ್ಲಿ ಪರೀಕ್ಷೆಗೆಂದು ಮತ್ತು ಕೊಟ್ಟಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟಿದ್ದರು. ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಹೇಳಿದ್ದು ಇಷ್ಟು: ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ಹೆಂಗಸಿನ ಬದಲು ಹೆತ್ತ ತಾಯಿಯೂ ಒಪ್ಪಿಗೆ ಕೊಡುವಂತಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆಯಲ್ಲ. ತಾಯಿಗೇ ಇಲ್ಲದ ಅಧಿಕಾರ ಗಂಡನಿಗೆ, ಭಾವನಿಗೆ ಎಲ್ಲಿಂದ ಬಂತು? ನಾವು ಸಂಘಕ್ಕೆ ಸೇರಿದಾಗ ನಮ್ಮಲ್ಲಿ ಅರ್ಧಕ್ಕರ್ಧ ಜನ ಹೆಬ್ಬೆಟ್ಟು. ರಾತ್ರಿ ಹೊತ್ತು ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಸಹಿ ಕಲಿತೆವು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಸಾಲಕ್ಕೆ ನಮ್ಮ ಸಹಿ ನಡೆಯುತ್ತದೆ. ನಮ್ಮದೇ ಮೊಲೆ ಕುಯ್ಯುವ ಕಾಗದಕ್ಕೆ ಗಂಡನ ಸಹಿ ಸಾಕೇ? ಸಹಿ ಬಾರದಿದ್ದರೆ ಹೆಬ್ಬೆಟ್ಟೂ ನಡೆಯುತ್ತದೆ. ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಬೇಕು. ಕೇಳಿದರೆ ಹೇಳುತ್ತಾರೆ.

ಇನ್ನು ಒಡವೆ. ಚಿಕಿತ್ಸೆಗೆ ಕಾರ್ಡು ಬಂತು. ಹೋದ ಕೂಲಿಯನ್ನು, ಜೊತೆಗೆ ಬಂದವಳ ಊಟವನ್ನು, ಕೀಮೋ ಆದ ವಾರ ಕುಡಿಯಬೇಕಾದ ಹಾಲು ಮೊಟ್ಟೆಯನ್ನು ಕಾರ್ಡು ಕೊಡುವುದಿಲ್ಲ. ನನ್ನ ಮದುವೆಯಲ್ಲಿ ತವರಿನವರು ಹಾಕಿದ ಸರ, ಬಳೆ ಬೀರುವಿನಲ್ಲಿದ್ದವು. ಮನೆಯವರು ‘ಅದು ಮಗಳ ಮದುವೆಗೆ’ ಎಂದರು. ಅದು ನನ್ನದು. 1985ರಲ್ಲಿ ಪ್ರತಿಭಾ ರಾಣಿ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಗಂಡನ ಮನೆಯವರ ಕೈಯಲ್ಲಿದ್ದರೆ ಅದು ಅವರು ಕಾಯ್ದಿಟ್ಟ ಅವಳ ಸೊತ್ತು ಎಂದಿದೆ. ನಾನು ಬಳೆ ಗಿರವಿ ಇಟ್ಟೆ. ಇನ್ನೊಬ್ಬಳ ಮದುವೆಗೆ ಕೂಡಿಟ್ಟ ಚಿನ್ನ ಮುಟ್ಟಿದಳೆಂದು ಓರಗಿತ್ತಿ ಇವತ್ತಿಗೂ ಅನ್ನುತ್ತಾಳೆ.

ಮಗಳ ಸಂಬಂಧ ಆಗಲೇ ಗೊತ್ತಾಗಿತ್ತು. ಸುದ್ದಿ ಹೇಗೋ ಹೋಯಿತು. ಮಧ್ಯಸ್ಥಗಾರ ಬಂದು ‘ತಾಯಿಗೆ ಹಂಗಂತೆ, ಮಗಳಿಗೂ ಬರ್ತದಂತೆ, ಮುಂದಕ್ಕೆ ಆಸ್ಪತ್ರೆ ಖರ್ಚು ಅವರ ಮೇಲೇ ತಾನೇ’ ಎಂದು ಮಾತು ತೆಗೆದು, ಬೈಕಿನ ಜಾಗದಲ್ಲಿ ಕಾರು ಕೇಳಿದ. ನೋಡಿ, ಹೆಣ್ಣಿನ ಮೊಲೆಯ ಗಂಟಿಗೂ ಬೆಲೆ ಕಟ್ಟಿದರು! ಮೊಲೆಯ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಅದು ಹೇಗೂ ಇರಲಿ, ಕೇಳುವುದೇ ಅಪರಾಧವೆಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹೇಳುತ್ತದೆ. ನಾನು ಆಗುವುದಿಲ್ಲ ಎಂದೆ. ಸಂಬಂಧ ಮುರಿಯಿತು. ಮಗಳು ಎರಡು ದಿನ ಊಟ ಬಿಟ್ಟಳು, ಅವಳಿಗೆ ಹುಡುಗ ಇಷ್ಟವಾಗಿದ್ದ. ಈಗ ಮಾಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನನ್ನ ಮೇಲಿನ ಅವಳ ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಕೀಮೋದಲ್ಲಿ ಕೂದಲು ಉದುರಿತು. ಮೂರು ವಾರಕ್ಕೊಂದರಂತೆ ನಾಲ್ಕು ಸಲ ಕೊಟ್ಟರು, ಎರಡನೆಯದಕ್ಕೇ ತಲೆ ಬೋಳಾಯಿತು. ನಮ್ಮ ಭಾಷೆಯಲ್ಲಿ ಬೋಳಿ ಎಂಬುದು ಏನು ಬೈಗುಳ, ಯಾರಿಗೆ ಬೈಗುಳ ಎಂದು ನಿಮಗೆ ಹೇಳಬೇಕಿಲ್ಲ. ಗಂಡ ಬದುಕಿರುವಾಗಲೇ ಹೀಗೆ ಕಾಣುತ್ತೀಯಲ್ಲ ಎಂದು ಸೆರಗು ಹೊದಿಸಿದವರಿದ್ದಾರೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರೆ ಇದೇ ತಲೆಗೆ ಕೈಮುಗಿಯುತ್ತಿದ್ದರು. ಅದು ಆರು ತಿಂಗಳಲ್ಲಿ ಬೆಳೆಯುತ್ತದೆ, ಮೊದಲಿಗಿಂತ ಸ್ವಲ್ಪ ಗುಂಗುರಾಗಿ.

ಗಂಡಂದಿರು ಬಿಟ್ಟುಹೋಗುವ ಮಾತು ಹೇಳದೆ ಮುಗಿಸಲಾರೆ. ವಾರ್ಡಿನಲ್ಲಿ ಅಂಥವರನ್ನು ಕಂಡಿದ್ದೇನೆ, ತವರಿಗೆ ಕಳಿಸಿ ಮತ್ತೆ ಬಾಗಿಲು ತೆರೆಯದವರು, ಕಾಯಿಲೆಯವಳನ್ನು ಇಟ್ಟುಕೊಂಡೇ ಇನ್ನೊಬ್ಬಳನ್ನು ತಂದವರು. ಇದು ಹಳ್ಳಿಯ, ಓದಿಲ್ಲದವರ ಬುದ್ಧಿ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಮಿದುಳಿನ ಗಡ್ಡೆ, ಕ್ಯಾನ್ಸರ್ ಮೊದಲಾದ ಕಠಿಣ ಕಾಯಿಲೆಯಾದ ದಂಪತಿಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಗಂಡನದಾದಾಗ ನೂರಕ್ಕೆ ಸುಮಾರು 3 ಸಂಸಾರ ಮುರಿದಿತ್ತು, ಹೆಂಡತಿಯದಾದಾಗ ಸುಮಾರು 21. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತವೊಂದೇ ದೌರ್ಜನ್ಯವಲ್ಲ. ಹೀಯಾಳಿಕೆ, ಖರ್ಚಿಗೆ ಕೊಡದಿರುವುದು, ಒಡವೆ ಕಿತ್ತಿಟ್ಟುಕೊಳ್ಳುವುದು, ಮನೆಯಿಂದ ಹೊರಗಟ್ಟುವುದು ಎಲ್ಲ ಸೇರುತ್ತದೆ. ವಾಸದ ಮನೆಯಲ್ಲಿ ಉಳಿಯುವ ಹಕ್ಕನ್ನೂ ಸ್ತ್ರೀಧನ ವಾಪಸು ಪಡೆಯುವುದನ್ನೂ ಅದರಲ್ಲಿ ಕೇಳಬಹುದು. ದೌರ್ಜನ್ಯದಿಂದಾದ ವೈದ್ಯಕೀಯ ಖರ್ಚನ್ನು ಮ್ಯಾಜಿಸ್ಟ್ರೇಟರು ಕೊಡಿಸಬಹುದು. 181ಕ್ಕೆ ಫೋನು ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಸಂಘ ಏನು ಮಾಡಬೇಕು? ಕಾಯಿಲೆಯವಳನ್ನು ನೋಡಲು ನಾವು ಬಾಳೆಹಣ್ಣು, ಬ್ರೆಡ್ಡು ಹಿಡಿದು ಹೋಗುತ್ತೇವೆ, ‘ಯಾವ ಜನ್ಮದ ಕರ್ಮವೋ’ ಎಂದು ಕಣ್ಣೊರೆಸಿ ಬರುತ್ತೇವೆ. ಹೋದಾಗ ಅವಳ ಲೋಟ ಎಲ್ಲಿದೆ ನೋಡಿ ಬನ್ನಿ. ಡಾಕ್ಟರ ಕೋಣೆಯೊಳಗೆ ಅವಳ ಜೊತೆ ಒಬ್ಬಳು ಕೂರಬೇಕು, ಕೈಯಲ್ಲಿ ನೋಟುಬುಕ್ಕಿರಬೇಕು. ಹೆದರಿದವಳ ಕಿವಿಗೆ ಅರ್ಧ ಮಾತೂ ಇಳಿಯುವುದಿಲ್ಲ, ಇನ್ನೊಬ್ಬಳು ಬರೆದುಕೊಂಡರೆ ಮನೆಗೆ ಬಂದು ಓದಿಕೊಳ್ಳಬಹುದು. ಹರಕೆಗೆ ನನ್ನ ಅಡ್ಡಿಯಿಲ್ಲ. ನಾನೂ ಸಾವಂದಿ ವೀರಭದ್ರಸ್ವಾಮಿಗೆ, ನರಸಿಂಹಸ್ವಾಮಿಗೆ ಹೇಳಿಕೊಂಡವಳೇ. ಹರಕೆ ಹೊತ್ತ ವಾರವೇ ಬಸ್ಸೂ ಹತ್ತಬೇಕು. ಚಿಕಿತ್ಸೆಯ ತಿಂಗಳುಗಳಲ್ಲಿ ಅವಳ ಕಂತನ್ನು ಸಂಘ ಹಂಚಿಕೊಂಡು ಕಟ್ಟಬೇಕು. ಬಲವಂತದ ವಸೂಲಿ ತಡೆಯಲು ರಾಜ್ಯದಲ್ಲಿ 2025ರಲ್ಲಿ ಕಾನೂನೇ ಬಂತು, ಆದರೆ ಕೀಮೋ ಆಗಿ ಮಲಗಿದವಳ ಬಾಗಿಲಿಗೆ ಮೊದಲು ಹೋಗುವವರು ನಾವೇ, ಗುಂಪಿನ ಹೆಂಗಸರು. ವರ್ಷಕ್ಕೊಮ್ಮೆ ಆರೋಗ್ಯ ಸಹಾಯಕಿಯನ್ನು ಸಭೆಗೇ ಕರೆಸಿ ಮೂವತ್ತು ದಾಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮುಂಬಯಿಯ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಬರೆದಿದ್ದಾರೆ: ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದ್ದರಿಂದಲೇ ಕಾಯಿಲೆ ಮೊದಲ ಹಂತದಲ್ಲಿ ಸಿಕ್ಕಿತು, ಐವತ್ತು ದಾಟಿದವರಲ್ಲಿ ಸಾವು ಮೂರರಲ್ಲೊಂದು ಪಾಲಿನ ಹತ್ತಿರ ಕಡಿಮೆಯಾಯಿತು. ದೊಡ್ಡ ಮೆಷಿನ್ ಬೇಕಾಗಿರಲಿಲ್ಲ.

ಇದನ್ನೆಲ್ಲ ಹೋದ ತಿಂಗಳು ನಮ್ಮ ಒಕ್ಕೂಟದ ಮುಂದಿಟ್ಟೆ. ಹಿರಿಯ ಸದಸ್ಯೆಯೊಬ್ಬರು ಎದ್ದು ‘ಗಂಡ ಹೆಂಡಿರು ತೀರ್ಮಾನ ಮಾಡ್ಕೊಳೋ ವಿಚಾರ, ಸಂಘ ಯಾಕವ್ವ ಮಧ್ಯೆ ಹೋಗ್ಬೇಕು?’ ಎಂದರು. ಹೊಡೆತದ ವಿಷಯ ಮೊದಲ ಸಲ ಎತ್ತಿದಾಗಲೂ ಇದೇ ಮಾತು ಕೇಳಿದ್ದೆವು. ಕಂತಿನ ಠರಾವು ಪಾಸಾಯಿತು. ಜೊತೆಗೆ ಹೋಗುವವರ ಪಟ್ಟಿಗೆ ಆರು ಜನ ಹೆಸರು ಬರೆಸಿದರು. ಡಾಕ್ಟರ ಕೋಣೆಯೊಳಗೆ ಹೋಗುವ ವಿಚಾರಕ್ಕೆ ಒಪ್ಪಿಗೆ ಸಿಗಲಿಲ್ಲ, ಮುಂದಿನ ಸಭೆಗೆ ಇಟ್ಟಿದ್ದಾರೆ. ನೋಟುಬುಕ್ಕು ನನ್ನ ಹತ್ತಿರವೇ ಇದೆ, ಪ್ರಶ್ನೆಗಳು ಬೇಕಾದವರು ಬಂದು ಬರೆದುಕೊಳ್ಳಬಹುದು.